ಹರಿಹರದ ಬಸ್ಸಿಗೆ ಕಾಯುವ ಹಾಗೆ

ಡಾಕ್ಟರಿಗೆ ಕಾಯಿಲೆ ಇಲ್ಲದವರ ಬೆನ್ನು ಬೇಕಂತೆ,
ನಲವತ್ತು ಬೆನ್ನು.
ನೋವಿಲ್ಲದ, ಎಲ್ಲೂ ಬಿದ್ದಿರದ,
ಇದುವರೆಗೆ ಯಾರಿಗೂ ತೋರಿಸಬೇಕು ಅನಿಸಿರದ ಬೆನ್ನು.
ಸೊಟ್ಟ ಅಂತ ಹೇಳೋಕೆ ಮುಂಚೆ
ಸರಿ ಯಾವುದು ಅಂತ ಗೊತ್ತಿರಬೇಕಲ್ಲ ಕರಿಬಸಮ್ಮ, ಎಂದರು.
ದಾವಣಗೆರೆಯ ಈ ಕತ್ತಲ ಕೋಣೆಯಲ್ಲಿ
ಹದಿನಾಲ್ಕು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ.
ನೆಟ್ಟಗಿದ್ದವರು ಇಲ್ಲಿಗೆ ಬಂದದ್ದೇ ಇಲ್ಲ.

ಮೊದಲು ಬಂದವನು ದಾದಾಪೀರ್, ಮಂಡಕ್ಕಿ ಭಟ್ಟಿಯವನು.
ಅಂಗಿ ಬಿಚ್ಚಿದರೆ
ಬೆನ್ನಿನ ಗುಳಿಯಲ್ಲಿ ಬೆವರಿಗೆ ಅಂಟಿ ಇನ್ನೂ ಎರಡು ಮಂಡಕ್ಕಿ.
ಹಲಗೆಗೆ ಎಡಭುಜ, ಪಾದ ಜೋಡಿಸು,
ಮುಷ್ಟಿ ಎರಡೂ ಕೊರಳೆಲುಬಿನ ಮೇಲಿಡು,
ನೆಟ್ಟಗೆ ನಿಂತ್ಕಳಪ್ಪ ಅಂದೆ.
ಅದೇ ತಪ್ಪಾಯಿತು.
ಎದೆ ಉಬ್ಬಿತು, ಗದ್ದ ಮೇಲೆದ್ದಿತು, ಹೊಟ್ಟೆ ಎಲ್ಲೋ ಹೋಯಿತು.
ಮೂವತ್ತು ವರ್ಷದಿಂದ ಅವನೊಳಗೆ ಮಡಚಿ ಕೂತಿದ್ದ
ಆಗಸ್ಟ್ ಹದಿನೈದು
ಗರಿಗರಿಯಾಗಿ ಎದ್ದು ನಿಂತಿತು.
ಪಟ ನೋಡಿ ಡಾಕ್ಟರು ನಕ್ಕರು:
ಇದು ಅವನ ಬೆನ್ನಲ್ಲ, ಅವನ ಡ್ರಿಲ್ ಮೇಷ್ಟ್ರದು.
ಸಹಿ ಮಾಡಿದ್ದು ಒಂದೇ ಪಟಕ್ಕೆ, ಮತ್ತೆ ತೆಗೆಯುವಂತಿಲ್ಲ.
ಲೆಕ್ಕದಿಂದ ಬಿಟ್ಟೆವು.
ಅಷ್ಟು ಚಂದ ನಿಂತಿದ್ನಲ್ಲಕ್ಕಾ, ಅಂದ ಪಾಪ.

ಅಂದಿನಿಂದ ಆ ಪದ ಬಿಟ್ಟೆ.
ಹರಿಹರದ ಬಸ್ಸಿಗೆ ಕಾಯ್ತಾ ಇದೀರಿ, ಅನ್ನುತ್ತೇನೆ,
ಬಸ್ಸು ಇನ್ನೂ ಬಂದಿಲ್ಲ.
ತಕ್ಷಣ ಎಲ್ಲರೂ ಅವರವರೇ ಆಗುತ್ತಾರೆ.
ಬ್ಲೌಸ್ ಹೊಲಿಯುವ ಹಾಲಮ್ಮ ಮಾತ್ರ
ಕತ್ತು ಚಾಚಿ ಬೋರ್ಡು ಓದಲು ನೋಡಿದಳು.

ಬೆಳಕಿಗೆ ಹಿಡಿದರೆ ಒಂದೂ ಕೋಲಿನ ಹಾಗಿಲ್ಲ.
ಕೊರಳು ಮುಂದಕ್ಕೆ, ಬೆನ್ನು ಹಿಂದಕ್ಕೆ,
ನಡು ಮತ್ತೆ ಮುಂದಕ್ಕೆ.
ಬಾಗದ ಬೆನ್ನು ಅಂತ ಭಾಷಣದಲ್ಲಿ ಹೊಗಳುವವರು
ಒಮ್ಮೆ ಇಲ್ಲಿಗೆ ಬರಬೇಕು.

ಕತ್ತು ಬಗ್ಗಿಸಿದರೆ ಬೆರಳಿಗೆ ಸಿಗುತ್ತದಲ್ಲ ಒಂದು ಗಂಟು,
ಆ ಏಳನೆಯ ಎಲುಬಿನಿಂದ ಡಾಕ್ಟರು ಕೆಳಕ್ಕೊಂದು ಗೆರೆ ಎಳೆಯುತ್ತಾರೆ.
ಗೆರೆ ಒಂದು ಕಡೆ, ಎಲುಬು ಒಂದು ಕಡೆ;
ಬೇಸರಿಸಿಕೊಂಡ ಗಂಡ ಹೆಂಡತಿಯಂತೆ ದೂರ ದೂರ ನಡೆದು
ಸೊಂಟದ ಹತ್ತಿರ ಬಂದು ಮತ್ತೆ ಜೊತೆಗೂಡುತ್ತವೆ.
ನಮ್ಮಪ್ಪ ಗಾರೆ ಕೆಲಸದವನು,
ತೂಗುಗುಂಡು ಬಿಟ್ಟು ನೋಡಿ
ಇಂಥ ಗೋಡೆಯನ್ನು ಒದ್ದು ಕೆಡವುತ್ತಿದ್ದ.

ಹಾಲಮ್ಮನ ನಡು ಬಿಲ್ಲು. ಕೊಟ್ರಬಸಪ್ಪನದು ಚೂರೇ ಬಾಗು.
ಎರಡೂ ಸರಿಯಂತೆ.
ಸೊಂಟದ ಮೂಳೆ ಹೇಗೆ ಕೂತಿದೆಯೋ
ನಡು ಅದಕ್ಕೆ ಹೊಂದಿಕೊಂಡು ಬಾಗುತ್ತೆ ಅಷ್ಟೆ;
ಒಬ್ಬರ ಬಾಗು ಇನ್ನೊಬ್ಬರಿಗೆ ಅಳತೆಯಲ್ಲ.
ಕೊಟ್ರಬಸಪ್ಪ ಇದೇನೂ ಕೇಳಿಸಿಕೊಳ್ಳಲಿಲ್ಲ.
ತನ್ನ ಪಟದ ಮುಂದೆ ನಿಂತು, ಬೆರಳಲ್ಲಿ ಒಂದೊಂದೇ ಎಲುಬು ಮುಟ್ಟುತ್ತಾ,
ಇಷ್ಟೇನಾ? ಅಂದ.
ಇದರ ಮೇಲಾ ನಾನು ಇಪ್ಪತ್ತು ವರ್ಷ ಮೆಕ್ಕೆಜೋಳ ಹೊತ್ತಿದ್ದು?

ದಾದಾಪೀರನ ಜಾಗ ಖಾಲಿ ಇತ್ತು. ನಾನೇ ನಿಂತೆ.
ರಾತ್ರಿ ಪಾಳಿಯ ಹುಡುಗ ಗುಂಡಿ ಒತ್ತಿದ.
ನನ್ನ ಎತ್ತರ ಐದು ಅಡಿ ಒಂಬತ್ತು ಅಂಗುಲ.
ಬಗ್ಗಿ ನಡಿಯೇ ದೀಪದ ಕಂಬ, ಅನ್ನುತ್ತಿದ್ದಳು ಅವ್ವ
ನೆಂಟರ ಮನೆಗೆ ಹೋಗುವಾಗೆಲ್ಲ.
ಆ ಬಗ್ಗು ಉಳಿದೇ ಬಿಟ್ಟಿತು ಅಂದುಕೊಂಡಿದ್ದೆ.
ಪಟದಲ್ಲಿ ಮೇಲಿಂದ ಕೆಳಗೆ ಹುಡುಕಿದೆ.
ಅವ್ವನ ಮಾತು ಎಲ್ಲೂ ಮೂಡಿರಲಿಲ್ಲ.
ಸಹಜ, ಅಂತ ಬರೆದರು ಡಾಕ್ಟರು.
ಯಾಕೋ ಸ್ವಲ್ಪ ಬೇಜಾರೂ ಆಯಿತು.

ನಾನು ಹರಿಹರದವಳೇ.
ಸಂಜೆ ನಿಜವಾದ ಬಸ್ಸಿಗೆ ನಿಜವಾಗಿ ಕಾಯುತ್ತಾ
ಹೇಗೆ ನಿಲ್ಲುವುದೆಂದೇ ಮರೆತುಹೋಯಿತು.
ಕೈ ಎಲ್ಲಿಡುತ್ತಿದ್ದೆ? ಭಾರ ಯಾವ ಕಾಲ ಮೇಲೆ?
ಪಕ್ಕದ ಮುದುಕ ಬೀಡಿ ಹಚ್ಚಿದ,
ಕೊರಳು ಮುಂದಕ್ಕೆ, ಬೆನ್ನು ಹಿಂದಕ್ಕೆ,
ಎಷ್ಟು ಸಲೀಸು.
ಅವನನ್ನೇ ನೋಡಿ ಕಲಿಯುತ್ತಿದ್ದೆ,
ಅಷ್ಟರಲ್ಲಿ ಬಸ್ಸು ಬಂತು,
ಸೀಟಿಗಾಗಿ ಎಲ್ಲರೂ ಬಗ್ಗಿ ನುಗ್ಗಿದೆವು.